ಪೇಪರ್ ಓದುವಷ್ಟು ಬಿಸಿಲು

ಮೊನ್ನೆ ಸಾರಿಗೆ ಒಗ್ಗರಣೆ ಹಾಕಲು ಹೋದಾಗ ಇಂಗು ಮುಗಿದಿರುವುದು ಗೊತ್ತಾಯಿತು. ವನಜ ಇದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಇಂಗು ಮುಗಿದದ್ದೇ ಇಲ್ಲ. ಮುಗಿಯುವ ಮುಂಚೆಯೇ ಇನ್ನೊಂದು ಡಬ್ಬಿ ಬಂದು ಕೂತಿರುತ್ತಿತ್ತು. ಅಂಥದ್ದು ಎಲ್ಲಾದರೂ ಉಳಿದಿರಬಹುದೆಂದು ಸ್ಟೂಲ್ ಹಾಕಿಕೊಂಡು ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದೆ. ಹಳದಿ ಮುಚ್ಚಳದ ಪುಟ್ಟ ಡಬ್ಬಿ ಸಿಕ್ಕಿತು. ತೆರೆದು ಚಿಟಿಕೆ ತೆಗೆದರೆ ಬೆರಳಿಗೆ ಬಂದದ್ದು ಇಂಗಲ್ಲ, ಬದನೆ ಬೀಜ. ವಾಸನೆ ಮಾತ್ರ ಇಂಗಿನದೇ. ಇಂಗಿನ ಡಬ್ಬಿಯಲ್ಲಿಟ್ಟರೆ ಬೀಜಕ್ಕೆ ಹುಳು ಹಿಡಿಯುವುದಿಲ್ಲ ಅನ್ನುವುದು ಅವಳ ನಂಬಿಕೆ. ಒಲೆ ಆರಿಸಿದೆ. ಆ ದಿನದ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ವನಜ ನನ್ನ ಹೆಂಡತಿ. ಹೋಗಿ ಎರಡು ವರ್ಷವಾಯಿತು. ಮದ್ರಾಸಿನ ವೆಸ್ಟ್ ಮಾಂಬಲಂನ ಅದೇ ಬಾಡಿಗೆ ಮಹಡಿಮನೆಯಲ್ಲಿ ನಾನೊಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದೇನೆ. ಅರವತ್ತು ದಾಟಿದ ಗಂಡಸು ಅಡುಗೆ ಕಲಿಯುವುದನ್ನು ನೀವು ನೋಡಿಲ್ಲವಾದರೆ ಒಳ್ಳೆಯದೇ ಆಯಿತು. ಮಗಳು ರಮ್ಯ ಗಂಡನ ಜೊತೆ ಊರಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿದ್ದಾಳೆ. ಓದಿದ್ದೆಲ್ಲ ಇಲ್ಲಿಯೇ ಆದ್ದರಿಂದ ಅವಳ ಕನ್ನಡ ಅರ್ಧ ದಾರಿಗೆ ಬಂದು ತಮಿಳಿನ ಬಸ್ಸು ಹತ್ತಿಬಿಡುತ್ತದೆ. ಹೋದ ವಾರ ಫೋನು ಮಾಡಿ, "ಅಪ್ಪಾ, ಬಾಲ್ಕನಿಲಿ ಚೆಡಿ ಹಾಕ್ತಿದೀನಿ. ಅಮ್ಮನ ಬದನೆ ವಿದೈ ಇದ್ರೆ ಎತ್ತಿಡಿ" ಅಂದಿದ್ದಳು. ಚೆಡಿ ಅಂದರೆ ಗಿಡ, ವಿದೈ ಅಂದರೆ ಬೀಜ. ಆಗಲಿ ಅಂದವನು ಮರೆತವನ ಹಾಗೆ ಸುಮ್ಮನಿದ್ದೆ. ಮರೆತಿರಲಿಲ್ಲ. ಆ ಬೀಜದ ವಿಷಯ ಮರೆಯುವಂಥದ್ದಲ್ಲ.

ವನಜಳ ತವರು ಮಂಡ್ಯದ ಕಡೆ. ಅವಳಮ್ಮ, ಅಂದರೆ ನಮ್ಮತ್ತೆ, ಹಿತ್ತಿಲಲ್ಲಿ ಒಂದು ಬದನೆ ಬೆಳೆಸುತ್ತಿದ್ದರು. ದುಂಡಗೆ, ಹಸಿರು, ಮೈಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಕೀಳಲು ಹೋದರೆ ಒಂದು ಹನಿ ರಕ್ತ ಕೊಟ್ಟೇ ಬರಬೇಕು. ಅದರ ಎಣ್ಣೆಗಾಯಿ ತಿಂದ ಮೇಲೆ ಬೇರೆ ಬದನೆಯನ್ನು ಬದನೆ ಅನ್ನಲು ನಾಲಿಗೆ ಬರುತ್ತಿರಲಿಲ್ಲ. ಆ ತಳಿ ಎಲ್ಲಿಂದ ಬಂತೋ ಗೊತ್ತಿಲ್ಲ. ಅವರ ಅತ್ತೆ ಕೊಟ್ಟದ್ದಂತೆ, ಅವರಿಗೆ ಅವರತ್ತೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ವೈಶಾಖದಲ್ಲಿ ಅತ್ತೆ ತೀರಿಕೊಂಡರು. ಹದಿಮೂರನೆಯ ದಿನ ಊಟ ಮುಗಿದು ಎಲೆ ಎತ್ತುವಾಗಲೇ ಭಾವಮೈದ, ಹಿತ್ತಿಲಿಗೆ ಸಿಮೆಂಟ್ ಹಾಕಿಸಿ ಎರಡು ಸಣ್ಣ ಮನೆ ಕಟ್ಟಿಸುವ ಮಾತೆತ್ತಿದ. ಅವನದೇನೂ ತಪ್ಪಿಲ್ಲ, ಅವನ ಮನೆ. ವನಜ ಎದ್ದು ಹೋಗಿ, ಸೂರಿನ ಮೊಳೆಗೆ ಬೀಜಕ್ಕೆಂದು ನೇತುಹಾಕಿದ್ದ ಒಣಗಿದ ಬದನೆಕಾಯಿಯನ್ನು ಇಳಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮದ್ರಾಸಿಗೆ ಬಂದವಳು ಮೊದಲು ಮಾಡಿದ ಕೆಲಸ ಬೀಜ ಬಿಡಿಸಿ, ಬೂದಿ ಬೆರೆಸಿ, ಖಾಲಿ ಇಂಗಿನ ಡಬ್ಬಿಗೆ ತುಂಬಿದ್ದು. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿ ಅದರ ಮೇಲೆ 'ಅಮ್ಮನ ಬದನೆ' ಎಂದು ಬರೆದಳು. ಪೆನ್ನು ಕೊಟ್ಟವನು ನಾನೇ.

ಆ ವರ್ಷವೇ ಅರ್ಧ ಬೀಜವನ್ನು ಕಾಂಪೌಂಡಿನ ಪಕ್ಕದ ಒಂದು ಮೊಳ ಮಣ್ಣಿನಲ್ಲಿ ನೇರವಾಗಿ ಹಾಕಿದಳು. ಎರಡೆಲೆ ಬಂತು, ಮೂರನೆಯ ದಿನ ಎಲ್ಲ ಹುಲ್ಲುಕಡ್ಡಿ. ಕೆಳಗಿನ ಮನೆಯಲ್ಲಿದ್ದ ಮನೆ ಓನರ್ ಮಾಮಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಸಾರ್, ಅಗ್ನಿ ನಕ್ಷತ್ರಂ ಸಾರ್ ಇದು. ಚೆಡಿ ತಾಂಗಾದು. ಆಡಿಲ ಪೋಡ ಸೊಲ್ಲುಂಗ" ಅಂದರು. ಈ ಉರಿಯನ್ನು ಗಿಡ ತಡೆಯುವುದಿಲ್ಲ, ಆಡಿ ಮಾಸದಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಹಾಕಲು ಹೇಳಿ ಅಂತ. ನಾನು ವಿಮಾ ಕಚೇರಿಯ ಗುಮಾಸ್ತ, ಜನ್ಮದಲ್ಲಿ ಕುಡುಗೋಲು ಮುಟ್ಟಿದವನಲ್ಲ. ಆದರೂ ಮಾಮಿಗೆ, ನಾವು ಕಾವೇರಿ ಸೀಮೆಯವರು, ಬೇಸಾಯ ನಮಗೆ ಹೇಳಿಕೊಡಬೇಕೆ ಅನ್ನುವ ಧಾಟಿಯಲ್ಲಿ ನಕ್ಕು ಮೇಲೆ ಬಂದೆ. ವನಜಳಿಗೆ ಹೇಳಿದಾಗ ಅವಳೂ ಒಪ್ಪಲಿಲ್ಲ. ಯುಗಾದಿ ಕಳೆದ ಮೇಲೆ ಬೀಜ, ಮುಂಗಾರಿನ ಮೊದಲ ಹನಿಗೆ ನಾಟಿ; ಅವಳಮ್ಮ ಜೀವಮಾನವೆಲ್ಲ ಮಾಡಿದ್ದು ಹಾಗೆ. ಮುಂಗಾರು ಮದ್ರಾಸಿಗೆ ಬರುವುದೇ ಇಲ್ಲ, ಇಲ್ಲಿ ಮಳೆ ಅನ್ನುವುದು ದೀಪಾವಳಿಯ ಸುಮಾರಿನ ಮಾತು ಅನ್ನುವುದು ಹನ್ನೆರಡು ವರ್ಷ ಈ ಊರಿನಲ್ಲಿದ್ದ ನಮಗಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಕೊಡೆ ಹಿಡಿಯಲು ಗೊತ್ತಿತ್ತು, ಬೀಜ ಹಾಕುವಾಗ ಗೊತ್ತಾಗಲಿಲ್ಲ.

ಮರುವರ್ಷ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದಳು. "ಬದನೆ ಬೀಜ ಹಳೇದಾದ್ರೆ ಹುಟ್ಟಲ್ಲ ರೀ. ಈ ಸಲ ಬರದಿದ್ರೆ ಅಮ್ಮಂದು ಅಂತ ಏನೂ ಉಳಿಯೋಲ್ಲ" ಅಂದಳು. ಭೂಮಿಯಲ್ಲಿ ಹಾಕುವ ಧೈರ್ಯ ಸಾಲದೆ, ಹದಿನಾಲ್ಕು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ ಹಜಾರದ ಕಿಟಕಿಯ ಪಕ್ಕ ಸಾಲಾಗಿ ಇಟ್ಟಳು. ಹನ್ನೊಂದು ಹುಟ್ಟಿದವು. ನಾಲ್ಕೈದು ಎಲೆ ಬರುವವರೆಗೆ ನಮ್ಮ ಮನೆಯಲ್ಲಿ ಫ್ಯಾನು ಜೋರಾಗಿ ತಿರುಗಲಿಲ್ಲ. ಬೆವರು ಸುರಿಸಿಕೊಂಡು ಕೂತಿರುತ್ತಿದ್ದೆವು, ಪೈರು ಬಾಗಬಾರದಲ್ಲ.

ನೆರಳಿನಲ್ಲಿ ಬೆಳೆದ ಪೈರನ್ನು ಒಮ್ಮೆಲೇ ಬಿಸಿಲಿಗೆ ತಳ್ಳಿದರೆ ಸುಟ್ಟುಹೋಗುತ್ತದೆ. ದಿನಕ್ಕಿಷ್ಟು ಎಂದು ರೂಢಿ ಮಾಡಿಸಬೇಕು. ಅದಕ್ಕೆ ಅತ್ತೆಯದೊಂದು ಅಳತೆಯಿತ್ತು. ಅವರು ಗಡಿಯಾರ ನೋಡಿದವರಲ್ಲ. ಮೊದಲ ದಿನ ಹಲ್ಲುಜ್ಜುವ ಹೊತ್ತು, ಎರಡನೆಯ ದಿನ ಸ್ನಾನದ ಹೊತ್ತು, ಮೂರನೆಯ ದಿನ ತಿಂಡಿ ತಿನ್ನುವ ಹೊತ್ತು. ನಾಲ್ಕನೆಯ ದಿನಕ್ಕೆ ಅವರ ಅಳತೆ ಹೂ ಕಟ್ಟುವ ಹೊತ್ತು. ನಮ್ಮ ಮನೆಯಲ್ಲಿ ಹೂವನ್ನು ಕಟ್ಟಿದ್ದೇ ಕೊಳ್ಳುತ್ತಿದ್ದುದರಿಂದ ವನಜ ಅದನ್ನು ತಿದ್ದಿ, "ನೀವು ಪೇಪರ್ ಓದೋ ಹೊತ್ತು" ಎಂದಿಟ್ಟಳು. ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನ ಒಂದು ಅಭ್ಯಾಸ ಸಂಸಾರಕ್ಕೆ ಉಪಯೋಗಕ್ಕೆ ಬಂತಲ್ಲ ಎಂದು ನಾನು ಹಿಗ್ಗಿದೆ. ಮುಕ್ಕಾಲು ಗಂಟೆ, ಒಂದು ನಿಮಿಷ ಆಚೆ ಈಚೆ ಇಲ್ಲ.

ಮೂರು ದಿನ ಅವಳೇ ಚಿಪ್ಪುಗಳನ್ನು ಜೋಡಿಸಿದ ದೊಡ್ಡ ತಟ್ಟೆ ಹೊತ್ತು ತಾರಸಿಗೆ ಹೋಗಿ ಇಳಿಸಿಕೊಂಡು ಬಂದಳು. ಮೂರನೆಯ ದಿನ ನನ್ನನ್ನು ಕರೆದು, ಎಲೆಯ ಬೆನ್ನಿನ ನಡುನರದ ಮೇಲೆ ನನ್ನ ಬೆರಳು ಹಿಡಿದು ಆಡಿಸಿದಳು. ಸಣ್ಣಗೆ ಚುಚ್ಚಿತು. "ಮುಳ್ಳು ಬಂತು ರೀ. ಅಮ್ಮಂದೇ" ಅಂದಳು. ಅವಳ ಕಣ್ಣು ತುಂಬಿತ್ತು.

ಆ ಶುಕ್ರವಾರ ಸಂಜೆ ಅತ್ತೆಯ ವರ್ಷದ ತಿಥಿಗೆಂದು ಮಗಳನ್ನು ಕರೆದುಕೊಂಡು ಊರಿಗೆ ಹೊರಟಳು. ನನಗೆ ರಜೆ ಸಿಕ್ಕಿರಲಿಲ್ಲ. ಬಾಗಿಲಲ್ಲಿ ನಿಂತು, "ಮೂರು ದಿನಾನೂ ಪೇಪರ್ ಓದೋ ಹೊತ್ತೇ ಸಾಕು, ಜಾಸ್ತಿ ಬೇಡ. ಓದಿ ಮುಗಿಸಿದ ತಕ್ಷಣ ಇಳಿಸಿಬಿಡಿ. ಮರೀಬೇಡಿ" ಅಂದಳು. "ನಾನೇನು ಮಗುವೇ?" ಅಂದೆ.

ಶನಿವಾರ ಚೆನ್ನಾಗಿಯೇ ಮಾಡಿದೆ. ಮಾರನೆಯ ದಿನ ಭಾನುವಾರ. ಭಾನುವಾರದ ಪೇಪರ್ ದಪ್ಪ ಎಂಬುದನ್ನು ಅವಳೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎಂಟು ಗಂಟೆಗೆ ತಟ್ಟೆಯನ್ನು ತಾರಸಿಯಲ್ಲಿಟ್ಟು ಬಂದು, ಫ್ಯಾನನ್ನು ಜೋರಾಗಿ ಹಾಕಿಕೊಂಡು, ಒರಗು ಕುರ್ಚಿಯಲ್ಲಿ ಕಾಲು ಚಾಚಿದೆ. ಪೇಪರ್ ಮುಗಿಯಿತು, ಪುರವಣಿ ತೆಗೆದೆ. ಪುರವಣಿಯ ಯಾವುದೋ ಪುಟ ಮುಖದ ಮೇಲೆ ಬಿದ್ದದ್ದು ನೆನಪಿದೆ. ಕಣ್ಣು ಬಿಟ್ಟಾಗ ಒಂದೂವರೆ.

ಬರಿಗಾಲಲ್ಲಿ ತಾರಸಿಗೆ ಓಡಿದೆ. ಅಂಗಾಲು ಸುಟ್ಟದ್ದು ಆಮೇಲೆ ಗೊತ್ತಾಯಿತು. ಹನ್ನೊಂದು ಚಿಪ್ಪಿನಲ್ಲೂ ಮಣ್ಣು ಬಿರಿದು ಅಂಚು ಬಿಟ್ಟಿತ್ತು. ಎಲೆಗಳು ಮುಟ್ಟಿದರೆ ಪುಡಿಯಾದವು. ನೀರು ಹಾಕಿದೆ, ಕೆಳಗೆ ತಂದು ಒದ್ದೆ ಬಟ್ಟೆ ಮುಚ್ಚಿದೆ, ದೇವರ ಮುಂದೆ ಇಟ್ಟೆ. ಸಂಜೆಯವರೆಗೂ ಪಕ್ಕದಲ್ಲೇ ಕೂತಿದ್ದೆ. ಒಂದೂ ತಲೆ ಎತ್ತಲಿಲ್ಲ.

ಈಗ ನೀವು ಕೇಳಬಹುದು, ಊರಿಗೆ ಫೋನು ಮಾಡಿ ಹೇಳಿಬಿಡಬಹುದಿತ್ತಲ್ಲ ಎಂದು. ಅಲ್ಲಿ ಅಮ್ಮನ ತಿಥಿ ಮಾಡುತ್ತಿದ್ದವಳಿಗೆ ಏನೆಂದು ಹೇಳಲಿ? ಇದು ನಾನು ಆಗ ಮಾಡಿಕೊಂಡ ಸಮಾಧಾನ. ನಿಜ ಹೇಳಬೇಕೆಂದರೆ ಹೆದರಿದೆ. ಸತ್ತ ಪೈರನ್ನು ಅದೇ ಭಾನುವಾರದ ಪೇಪರಿನಲ್ಲಿ ಸುತ್ತಿ ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿದೆ. ಸೋಮವಾರ ಹೊಟ್ಟೆನೋವೆಂದು ಕಚೇರಿಗೆ ರಜೆ ಹೇಳಿ, ಎರಡು ಬಸ್ಸು ಬದಲಾಯಿಸಿ ಊರಾಚೆಯ ಮಾಧವರಂಗೆ ಹೋಗಿ, ಅಲ್ಲಿನ ಒಂದು ನರ್ಸರಿಯಲ್ಲಿ ಹಸಿರು ಗುಂಡುಬದನೆಯ ಹನ್ನೊಂದು ಸಸಿ ತಂದು ಅವೇ ಚಿಪ್ಪುಗಳಲ್ಲಿ ನೆಟ್ಟೆ. ಎತ್ತರವನ್ನೂ ಎಲೆಯನ್ನೂ ಲೆಕ್ಕ ಹಾಕಿ ಆರಿಸಿದ್ದೆ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ.

ಮಂಗಳವಾರ ಬೆಳಿಗ್ಗೆ ಬಂದವಳು ಚೀಲ ಇಳಿಸದೆ ನೇರ ಕಿಟಕಿಗೆ ಹೋದಳು. ಕುಕ್ಕರಗಾಲಲ್ಲಿ ಕೂತು ಒಂದು ಎಲೆಯ ಬೆನ್ನಿನ ಮೇಲೆ ಬೆರಳಾಡಿಸಿದಳು. ಇನ್ನೊಂದು ಎಲೆ. ಮತ್ತೊಂದು. "ಚೆನ್ನಾಗಿ ನೋಡ್ಕೊಂಡಿದೀರ" ಅಂದು ಎದ್ದು ಸ್ನಾನಕ್ಕೆ ಹೋದಳು. ನಾನು ಉಸಿರು ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಡಿಸುತ್ತ, "ಮಾಮಿ ಹೇಳಿದ ಹಾಗೆ ಆಡಿವರೆಗೂ ಕಾಯೋಣ. ಇನ್ನೇನು ಅವಸರ" ಅಂದಳು. ಬುದ್ಧಿ ಬಂತಲ್ಲ ಎಂದುಕೊಂಡೆ, ನೋಡಿ, ನಾನು.

ದೊಡ್ಡ ಡಬ್ಬಗಳಿಗೆ ಬದಲಾಯಿಸಿ, ಆಡಿಯಲ್ಲಿ ನೆಟ್ಟಳು. ಸೊಂಪಾಗಿ ಬಂದವು. ಕಾಯಿಯೂ ಆಯಿತು, ದುಂಡಗೆ, ಹಸಿರಾಗಿ, ನುಣ್ಣಗೆ. ತೊಟ್ಟಿನಲ್ಲಿ ಒಂದೇ ಒಂದು ಮುಳ್ಳಿಲ್ಲ. ಮುಳ್ಳಿನ ಮಾತು ನರ್ಸರಿಯಲ್ಲಿ ನನಗೆ ಹೊಳೆದೇ ಇರಲಿಲ್ಲ. "ಮದ್ರಾಸಿನ ನೀರಿಗೆ ಮುಳ್ಳು ಹೋಗಿರಬೇಕು" ಅಂದೆ. "ಇರಬಹುದು. ಇಲ್ಲಿಗೆ ಬಂದ ಮೇಲೆ ಎಲ್ಲಾನೂ ನುಣ್ಣಗಾಗುತ್ತೆ" ಅಂದಳು.

ಮೊದಲ ಕಾಯಿಯಲ್ಲಿ ಎಣ್ಣೆಗಾಯಿ ಮಾಡಿದಳು. ಬಡಿಸಿ, ಸೌಟು ಹಿಡಿದು ನಿಂತು, "ಹೇಗಿದೆ?" ಅಂದಳು. ನಾನು, "ಥೇಟ್ ಅತ್ತೆಯ ಬದನೆ" ಅಂದೆ. ಒಂದು ಕ್ಷಣ ನಿಂತಿದ್ದು ಒಳಗೆ ಹೋದಳು. ಪ್ರತಿ ವರ್ಷ ಬೀಜ ತೆಗೆದಿಟ್ಟಳು, ಪ್ರತಿ ಆಡಿಗೆ ಹಾಕಿದಳು, ಪ್ರತಿ ವರ್ಷ ಮೊದಲ ಕಾಯಿಯ ಎಣ್ಣೆಗಾಯಿ ಬಡಿಸಿ ಸೌಟು ಹಿಡಿದು ನಿಂತು ಹೇಗಿದೆ ಎಂದು ಕೇಳಿದಳು. ಬೇರೆ ಯಾವ ಅಡುಗೆಗೂ ಅವಳು ಹಾಗೆ ಕೇಳಿದ್ದಿಲ್ಲ. ಒಂಬತ್ತು ವರ್ಷವೂ ನಾನು ಅದೇ ಉತ್ತರ ಕೊಟ್ಟೆ.

ಕೊನೆಗೆ ಆಸ್ಪತ್ರೆಯಲ್ಲಿ ಅವಳಿಗೆ ಯಾವುದೂ ರುಚಿಸುತ್ತಿರಲಿಲ್ಲ. ಮಂಚದ ಪಕ್ಕ ಕೂತು ಎರಡು ಸಲ ಹೇಳಿಬಿಡಲು ಬಾಯಿ ತೆರೆದೆ. ಎರಡು ಸಲವೂ, ನೀರು ಬೇಕಾ ಎಂದು ಕೇಳಿದೆ.

ಮೊನ್ನೆ ಒಲೆ ಆರಿಸಿದ ಮೇಲೆ ಹಲಗೆಯ ಮೇಲಿನ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಇಳಿಸಿ ನೆಲದ ಮೇಲಿಟ್ಟೆ. ಅಡುಗೆಮನೆ ಅವಳ ರಾಜ್ಯವಾಗಿತ್ತು, ಅವಳು ಹೋದ ಮೇಲೂ ಆ ಹಲಗೆಗೆ ಕೈ ಹಾಕದ ನಾನು ಅವನ್ನು ನೋಡಿದ್ದೇ ಇಲ್ಲ. ಒಂಬತ್ತು ಡಬ್ಬಿ, ವರ್ಷಕ್ಕೊಂದು. ಪ್ರತಿಯೊಂದರ ಮೇಲೂ ಪ್ಲಾಸ್ಟರಿನ ಪಟ್ಟಿ, ಅದರ ಮೇಲೆ ಅವಳ ಅಕ್ಷರದಲ್ಲಿ 'ಬದನೆ', ಕೆಳಗೆ ಇಸವಿ. ಅಷ್ಟೇ. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡು ಹತ್ತನೆಯದಿತ್ತು. ಪಟ್ಟಿ ಕಂದಾಗಿತ್ತು: 'ಅಮ್ಮನ ಬದನೆ'. ಖಾಲಿ. ತೊಳೆದು ಒರೆಸಿ ಇಟ್ಟಿದ್ದಳು.

'ಅಮ್ಮನ' ಅನ್ನುವ ಆ ಒಂದು ಪದವನ್ನು ಅವಳು ಇನ್ನೆಂದೂ ಬರೆದಿರಲಿಲ್ಲ. ನಾನು ಮಾತ್ರ ವರ್ಷ ವರ್ಷವೂ ಊಟದ ತಟ್ಟೆಯ ಮುಂದೆ ಕೂತು 'ಅತ್ತೆಯ ಬದನೆ' ಅನ್ನುತ್ತಲೇ ಇದ್ದೆ, ಗೊತ್ತಿದ್ದವಳ ಮುಖ ನೋಡಿಕೊಂಡು. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟು ಹೊತ್ತು ಎಂದು ತಿಳಿಯದು.

ಆಮೇಲೆ ರಮ್ಯಳಿಗೆ ಫೋನು ಮಾಡಿದೆ. "ಬೀಜ ಸಿಕ್ತಮ್ಮ. ಆದರೆ ಒಂದು ವಿಷಯ ಹೇಳಬೇಕು. ಅದು ನಿಮ್ಮಜ್ಜೀದಲ್ಲ."

"ತೆರಿಯುಂ ಪಾ" ಅಂದಳು. ಗೊತ್ತು ಅಂತ.

ಅವಳೇ ಮುಂದುವರಿಸಿದಳು. "ನಾನು ಕಾಲೇಜಲ್ಲಿದ್ದಾಗ ಅಮ್ಮಾನೇ ಹೇಳಿದ್ಲು. ಅಪ್ಪ ತಾವಾಗಿ ಹೇಳೋವರ್ಗೂ ನೀನು ಕೇಳ್ಬಾರ್ದು ಅಂದಿದ್ಲು. ವರ್ಷಾ ವರ್ಷಾ ಎಣ್ಣೆಗಾಯಿ ಮಾಡುವಾಗ, ಈ ಸಲ ಹೇಳ್ತಾರೆ ನೋಡು, ಈ ಸಲ ಹೇಳ್ತಾರೆ ಅಂತಿದ್ಲು ಪಾ."

ವರ್ಷಕ್ಕೊಮ್ಮೆ ಒಂದು ಕ್ಷಣ ನನ್ನನ್ನು ಬಿಸಿಲಿಗೆ ಇಟ್ಟು ನೋಡುತ್ತಿದ್ದಳು ಅವಳು. ನಾನೇ ಓಡಿ ಒಳಗೆ ಸೇರಿಕೊಳ್ಳುತ್ತಿದ್ದೆ. ಅವಳು ಎಷ್ಟು ಕಾದಳು ಎನ್ನುವುದಕ್ಕೆ ಒಂಬತ್ತು ಡಬ್ಬಿ ನನ್ನ ಮುಂದೆ ಸಾಲಾಗಿ ಕೂತಿದ್ದವು. ಹೇಳಬೇಕಾದವಳಿಗೆ ಹೇಳದೆ, ಅವಳು ಹೋಗಿ ಎರಡು ವರ್ಷವಾದ ಮೇಲೆ, ಮಗಳಿಗೆ, ಅದೂ ಫೋನಿನಲ್ಲಿ ಹೇಳಿದ್ದೆ.

ರಮ್ಯ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, ಮಾತು ಬದಲಾಯಿಸಲೆಂದೇ ಇರಬೇಕು, "ಆಡಿ ಬರ್ತಿದೆ ಅಪ್ಪ. ಹುಟ್ಟಿದ್ಮೇಲೆ ಎವ್ವಳವು ನೇರಂ ಬಿಸಿಲಲ್ಲಿ ಇಡ್ಬೇಕು? ಅಮ್ಮಂದೊಂದು ಕಣಕ್ಕು ಇತ್ತಲ್ಲ" ಅಂದಳು. ಎಷ್ಟು ಹೊತ್ತು, ಅಮ್ಮನ ಲೆಕ್ಕವೇನಿತ್ತು ಎಂದು ಕೇಳುತ್ತಿದ್ದಳು.

"ಮೊದಲ ದಿನ ಹಲ್ಲುಜ್ಜೋ ಹೊತ್ತು" ಅಂದೆ. "ಎರಡನೇ ದಿನ ಸ್ನಾನದ ಹೊತ್ತು. ಮೂರನೇ ದಿನ ತಿಂಡಿ ತಿನ್ನೋ ಹೊತ್ತು."

"ನಾಲ್ಕನೇ ದಿನ?"

ಹೇಳಲು ಬಾಯಿ ತೆರೆದೆ. ಆ ಕಡೆ ರಮ್ಯ ಕಾಯುತ್ತಿದ್ದಳು.