ನನ್ನ ಚರ್ಮ, ಇಲಿಯ ಚರ್ಮ

ಈ ಬೇಸಿಗೆಯ ಒಂದು ಭಾನುವಾರ, ಊಟದ ನಡುವೆ, ನನ್ನನ್ನು ಇಲಿಗೆ ಹೋಲಿಸಲಾಯಿತು.

ಹೋಲಿಸಿದವಳು ಶತ್ರುವಲ್ಲ, ಅಣ್ಣನ ಮಗಳು ಸವಿತಾ. ಕಲಬುರಗಿಯಲ್ಲಿ ಓದಿ, ಈಗ ಹೈದರಾಬಾದಿನ ಹೊರವಲಯದ ಔಷಧ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ರಜೆಯ ದಿನ ಜೋಳದ ರೊಟ್ಟಿಯ ಆಸೆಗೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬರುತ್ತಾಳೆ. (ಅತ್ತೆಯ ಮೇಲಿನ ಪ್ರೀತಿಗೆ ಬರುತ್ತಾಳೆಂದು ನಾನು ನಂಬಿದ್ದೆ.)

ರೊಟ್ಟಿ ಬಡಿಸಲು ಚಾಚಿದ ನನ್ನ ಕೈಯನ್ನು ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು.

"ಅತ್ತಿ, ನಿಮ್ಮ ಚರ್ಮ ಥೇಟ್ ನಮ್ಮ ಇಲಿಗಳ ಹಂಗ ಆಗೇತಿ ನೋಡ್ರಿ!"

ನಮ್ಮ ಮನೆಯವರಿಗೆ ನಗು ಬಂದು ಮಜ್ಜಿಗೆ ನೆತ್ತಿಗೇರಿತು.

ನನಗೆ ಥೈರಾಯ್ಡ್. ಅದೂ ಉಲ್ಟಾ ಕೇಸು: ಗ್ರಂಥಿ ಅತಿಯಾಗಿ ದುಡಿಯುತ್ತದೆ. (ನಮ್ಮ ಮನೆಯಲ್ಲಿ ಹಾಗೆ ದುಡಿಯುವವರು ಅದು ಮತ್ತು ನಾನು, ಇಬ್ಬರೇ.) ಅದನ್ನು ಅಡಗಿಸಲು ಡಾಕ್ಟರು ಗುಳಿಗೆ ಕೊಟ್ಟಿದ್ದರು. ಎದೆಯ ಡವಡವ, ಕೈನಡುಕ ನಿಂತವು. ಆಮೇಲೆ ಚರ್ಮ ಒಣಗತೊಡಗಿತು. ಕೆರೆದರೆ ಹೊಟ್ಟು ಉದುರುತ್ತಿತ್ತು. ಬಾಚಣಿಗೆ ತುಂಬ ಕೂದಲು. ಊರೆಲ್ಲ ಕೂಲರ್ ಮುಂದೆ ಕೂತಾಗ ನಾನು ಸ್ವೆಟರ್ ಹುಡುಕುತ್ತಿದ್ದೆ!

ಪಕ್ಕದ ಮನೆಯವರು ಎಳ್ಳೆಣ್ಣೆ ಹಚ್ಚಿಕೊಳ್ಳಲು ಹೇಳಿದರು. ನಮ್ಮ ಮನೆಯವರು ಬೋರ್‌ವೆಲ್ ನೀರನ್ನು ಬೈದರು. ಡಾಕ್ಟರ ಬಳಿ ಹೋದರೆ, ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಉಮರ್ ಕಾ ಅಸರ್ ಹೈ ಮೇಡಂ. ಕ್ರೀಮ್ ಲಗಾಲೋ, ಗೋಲಿ ಕಂಟಿನ್ಯೂ" ಎಂದರು. ವಯಸ್ಸಾಯಿತು ಅಂದಮೇಲೆ ಯಾವ ಹೆಂಗಸು ಅಲ್ಲಿ ಇನ್ನೂ ಕೂತಿರುತ್ತಾಳೆ?

ಸವಿತಾ ನಗಲಿಲ್ಲ.

"ಇಲಿಗಳಿಗೆ ಥೈರಾಯ್ಡ್ ಅಡಗಿಸೋ ಔಷಧ ಕೊಟ್ಟು, ಚರ್ಮಕ್ಕ ಏನಾಕ್ಕೇತಿ ಅಂತ ನೋಡಾಕತ್ತೀವ್ರಿ. ಹಾರ್ಮೋನ್ ಭಾಳ ಇಳಿದ್ರ ಚರ್ಮ ಒಣಗ್ತೇತಿ. ಇಲಿ ಮೈ ಬೋಳಿಸಿದ್ರ ಕೂದಲಾ ಲಗೂನ ಬರಂಗಿಲ್ಲ. ನೀವು ರಕ್ತ ಯಾವಾಗ ಟೆಸ್ಟ್ ಮಾಡಿಸೀರಿ?"

"ಗುಳಿಗಿ ಚಾಲೂ ಮಾಡಿದಾಗ."

"ಆಮ್ಯಾಲ?"

"ಡಾಕ್ಟರು ಹೇಳಲೇ ಇಲ್ಲವ್ವ."

"ನಮ್ಮ ಇಲಿಗೂ ತಪ್ಪದ ಟೆಸ್ಟ್ ಮಾಡ್ತೀವಲ್ರಿ ಅತ್ತಿ!" ಎಂದಳು. ನಾನು ಗುಳಿಗೆಯ ಡಬ್ಬಿಯನ್ನು ಎಸೆಯಲು ಎದ್ದೆ. "ನಿಮ್ಮಷ್ಟಕ್ಕ ನೀವ ಗುಳಿಗಿ ಬಿಡಬ್ಯಾಡ್ರಿ. ಮೊದಲ ಟೆಸ್ಟ್ ಮಾಡಸ್ರಿ" ಎಂದು ಕೂರಿಸಿದಳು.

ನಮ್ಮ ಮನೆಯವರ ನಗು ಅಷ್ಟರಲ್ಲಿ ನಿಂತಿತ್ತು. ಬಾಲಾನಗರದ ಕಾರ್ಖಾನೆಗೆ ಮಗಳ ಮದುವೆಗೂ ಕಷ್ಟಪಟ್ಟು ರಜೆ ಹಾಕಿದ ಮನುಷ್ಯ, ಮರುದಿನ ನನಗಾಗಿ ರಜೆ ಹಾಕಿದರು. ಆಗ ನಿಜಕ್ಕೂ ಹೆದರಿಕೆಯಾಯಿತು.

ರಿಪೋರ್ಟ್ ಬಂತು. ಗುಳಿಗೆ ತನ್ನ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡಿತ್ತು. ಗ್ರಂಥಿ ಅಡಗಿರಲಿಲ್ಲ, ಮಲಗಿಯೇ ಬಿಟ್ಟಿತ್ತು. ಇನ್ನೂ ತಡವಾಗಿದ್ದರೆ ಹೃದಯಕ್ಕೂ ತೊಂದರೆಯಾಗಬಹುದಿತ್ತಂತೆ. ಡಾಕ್ಟರು ಈ ಸಲ ಕಣ್ಣೆತ್ತಿದರು. ಡೋಸ್ ಇಳಿಸಿದರು. ಆಮೇಲೆ ನನ್ನನ್ನೇ ಗದರಿದರು:

"ಪಹಲೇಚ್ ಬೋಲ್ನಾ ಥಾ ನಾ ಮೇಡಂ?"

ಮೊದಲೇ ಹೇಳಿದ್ದೆ, ಸ್ವಾಮಿ. ಇಲಿಯಾಗಿ ಹೇಳಬೇಕಿತ್ತೇನೋ.

ಈಗ ಚರ್ಮ ನಿಧಾನಕ್ಕೆ ನುಣುಪಾಗುತ್ತಿದೆ. ಸ್ವೆಟರ್ ಅಟ್ಟ ಸೇರಿದೆ. ಕಳೆದ ವಾರ ಸವಿತಾ ಬಂದಾಗ ಖುಷಿಯಿಂದ ಎರಡೂ ಕೈ ಚಾಚಿ ತೋರಿಸಿದೆ. ಅವಳೂ ಮುಟ್ಟಿ ನೋಡಿ ನಕ್ಕಳು.

"ನಿಮ್ಮ ಇಲಿಗಳೂ ಆರಾಮ ಆದುವೇನ?" ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಪ್ರಯೋಗ ಮುಗಿತಲ್ರಿ ಅತ್ತಿ. ಮುಗಿದ ಮ್ಯಾಲ ಅವನ್ನ ಉಳಸಂಗಿಲ್ಲ. ಚರ್ಮ ತಗದು ಮೈಕ್ರೋಸ್ಕೋಪಿನ್ಯಾಗ ನೋಡಬೇಕಾಕ್ಕೇತಿ."

ಒಂದು ಥ್ಯಾಂಕ್ಸ್ ನನ್ನ ಬಾಯಲ್ಲೇ ಉಳಿದಿದೆ, ಯಾರಿಗೆ ಹೇಳಲಿ?