ಗಂಜಿ ಹಾಕಿದ ಬೀದಿ

ಅವಳ ಕೈಗಳು ಮೊಣಕೈವರೆಗೆ ಬೆಳ್ಳಗಿರುತ್ತಿದ್ದವು. ಅಕ್ಕಿಗಂಜಿ ಪದರ ಪದರವಾಗಿ ಒಣಗಿ, ಮುಷ್ಟಿ ಬಿಗಿದಾಗ ಬಿರಿದು ಹಪ್ಪಳದ ಚೂರಿನಂತೆ ಉದುರುತ್ತಿತ್ತು. ಒಂದು ಕೈಯಲ್ಲಿ ತಾಮ್ರದ ಬಳೆ ಇತ್ತು; ಎಡಗೈಯೋ ಬಲಗೈಯೋ, ಪ್ರಮಾಣ ಮಾಡಲಾರೆ.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಬೆಳಿಗ್ಗೆ ಬೀದಿಯುದ್ದಕ್ಕೂ ನೂಲನ್ನು ಬಿಗಿದು ಕಟ್ಟಿ ಗಂಜಿ ಸವರುತ್ತಿದ್ದರು. ಆ ಗಂಜಿ ಕಾಯಿಸಿ ಕೊಡುವುದು ಎದುರುಮನೆಯ ಅವಳ ಕಸುಬು. ಕಂಬೈನಲ್ಲೂರಿನಿಂದ ಸೊಸೆಯಾಗಿ ಬಂದು, ಗಂಡ ತೀರಿದ ಮೇಲೂ ಮಗ-ಸೊಸೆಯೊಡನೆ ಇಲ್ಲೇ ಉಳಿದವಳು. ಬೀದಿಗೆಲ್ಲ ಅವಳು ಗಂಜಿ ಅತ್ತೆ. ಹದ ನೋಡಲು ಒಂದು ತೊಟ್ಟನ್ನು ಕಿವಿಯ ಹಿಂದೆ ಹಚ್ಚಿಕೊಳ್ಳುತ್ತಿದ್ದಳು. ಅಲ್ಲೇ ಏಕೆ ಎಂದರೆ, "ಅಲ್ಲಿ ಚರ್ಮ ಸುಳ್ಳೇಳಲ್ಲ ಕಣ್ಲಾ" ಎನ್ನುತ್ತಿದ್ದಳು.

ಐವತ್ತರ ದಶಕದ ಮೊದಲಲ್ಲಿ ಮಗ್ಗಗಳು ನಿಂತವು. ಒಂದೊಂದೇ ಸಂಸಾರ ಕಾರ್ಖಾನೆ ಕೆಲಸ ಹುಡುಕಿ ಮೆಟ್ಟೂರಿನ ಬಸ್ಸು ಹತ್ತಿತು. ನಾನು ಮದರಾಸಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದಾಗ ಒಂಬತ್ತು ಮನೆಗಳಲ್ಲಿ ಮಾತ್ರ ಒಲೆ ಉರಿಯುತ್ತಿತ್ತು. ತಂಗಿ ಹನ್ನೊಂದು ಎನ್ನುತ್ತಾಳೆ. ಆಗಲೇ ಮುನಿಸಿಪಾಲಿಟಿಯ ಮೆಂಬರು ಬಂದು, ಜನವಿಲ್ಲದ ಬೀದಿಗೆ ಕೊಳಾಯಿ ದಂಡ, ಅದನ್ನು ಪಕ್ಕದ ಬೀದಿಗೆ ಹಾಕುತ್ತೇವೆ ಎಂದು ಹೇಳಿಹೋದರು. ನಮಗಿದ್ದದ್ದು ಅದೊಂದೇ ಕೊಳಾಯಿ. ಅದು ಹೋದರೆ ಉಳಿದವರೂ ಗಂಟುಮೂಟೆ ಕಟ್ಟಲೇಬೇಕು.

ನಾನು ಅತ್ತೆಯ ಜಗಲಿಯಲ್ಲಿ ಕೂತು, ಯಂತ್ರಗಳ ಕಾಲದಲ್ಲಿ ಇಂಥ ಬೀದಿಗಳು ಸಾಯುವುದು ಏಕೆ ಅನಿವಾರ್ಯವೆಂದು ಕಾಲು ಗಂಟೆ ವಿವರಿಸಿದೆ. ಅವಳು ಗಂಜಿ ತಿರುವುತ್ತ ಪೂರ್ತಿ ಕೇಳಿದಳು.

"ಮುಗೀತಾ?"

"ಮುಗೀತು ಅತ್ತೆ."

"ಸರಿ, ಆ ಅಂಗಿ ಬಿಚ್ಚು. ಇಷ್ಟು ಮುದುರಿದ್ದು ತೊಟ್ಕೊಂಡು ಅದೆಂಗ್ಲಾ ಕಾಲೇಜ್ಗೆ ಓಯ್ತೀಯ?"

ಮಾರನೆಯ ದಿನ ಅಂಗಿಯನ್ನು ಅವಳು ತಂದಳು ಎನ್ನುವುದಕ್ಕಿಂತ, ಅದು ಅವಳ ಜೊತೆ ನಡೆದು ಬಂತು ಎನ್ನಬೇಕು. ನೂಲಿಗೆ ಹಾಕುವ ಹದವನ್ನೇ ಅಂಗಿಗೂ ಹಾಕಿದ್ದಳು. ತೊಟ್ಟು ಪೇಟೆಗೆ ಹೋದೆ. ಚಪ್ಪಲಿಯ ವಾರು ಕಿತ್ತುಹೋಯಿತು, ಬಗ್ಗಿ ಎತ್ತಿಕೊಳ್ಳಲಾಗದೆ ಎಳೆದುಕೊಂಡೇ ನಡೆದೆ. ಆದರೆ ದಾರಿಯಲ್ಲಿ ಇಬ್ಬರು ಗುಮಾಸ್ತರು ತಡೆದು, ಅಂಗಿ ಒಗೆಸಿದ್ದೆಲ್ಲಿ ಎಂದು ಮರ್ಯಾದೆಯಿಂದ ಕೇಳಿದರು.

ಅತ್ತೆಗೆ ಹೇಳಿದೆ. "ನೂಲಿಲ್ದಿದ್ರೇನ್ಲಾ," ಎಂದಳು, "ಆಪೀಸ್ನೋರ್ಗೆ ಮೈ ಐತಲ್ಲ."

ಒಗೆಯುವ ಸಂಸಾರವೊಂದನ್ನು ಕರೆತಂದು ಖಾಲಿ ಮನೆಯಲ್ಲಿ ಇರಿಸಿದಳು. ಗಂಜಿ ಅವಳದು, ಇಸ್ತ್ರಿ ನೇಕಾರರದು. ಬೀದಿಯ ಹಿರಿಯರೊಬ್ಬರು ಮುಖ ಗಂಟಿಕ್ಕಿದರು. "ಕಂಡೋರ ಅಂಗಿ ಮುಟ್ಟೋದಾ ನಾವು?"

"ನೇಯೋವಾಗ ಯಾರಂಗಿ ಅಂತ ಕೇಳ್ಕೊಂಡು ನೇಯ್ದ್ಯಾ ಮಾವ?"

ಮೊದಲ ಗಿರಾಕಿಯಾಗಿ ಅವಳು ಆರಿಸಿಕೊಂಡದ್ದು ಅದೇ ಮೆಂಬರನ್ನು. "ಬೇಡ ಅತ್ತೆ, ಸಿಟ್ಟಾದರೆ ಕೊಳಾಯಿ ಇವತ್ತೇ ಹೋಗುತ್ತೆ" ಎಂದೆ.

"ಓಗೋದೇ ಆದ್ರೆ ಮಡಿಯಾಗಿ ಓಗ್ಲಿ."

ಕೊಳಾಯಿ ತೀರ್ಮಾನವಾಗುವ ಮೀಟಿಂಗಿಗೆ ಮೆಂಬರು ಅವಳ ಗಂಜಿಯ ಜುಬ್ಬ, ಪಂಚೆಯಲ್ಲೇ ಹೋದರು. ಕೂರಲು ನೋಡಿದರು, ಪಂಚೆ ಒಪ್ಪಲಿಲ್ಲ. ನಿಂತಿರುವವರು ಮಾತಾಡಬಯಸುತ್ತಾರೆಂದು ತಿಳಿದು ಅಧ್ಯಕ್ಷರು ಪ್ರತಿ ವಿಷಯಕ್ಕೂ ಅವರನ್ನೇ ಕರೆದರು. ಚರಂಡಿ, ಬೀದಿದೀಪ, ನಾಯಿಗಳ ಕಾಟ, ಎಲ್ಲದರ ಮೇಲೂ ಅವರು ಮಾತಾಡಬೇಕಾಯಿತು. ಕೊಳಾಯಿಯ ಸರದಿ ಬರುವ ಹೊತ್ತಿಗೆ ಗಂಟಲು ಒಣಗಿ, "ಇರೋ ಕಡೆನೇ ಇರ್ಲಿ" ಎಂದಷ್ಟೇ ಹೇಳಿದರಂತೆ. ಇದನ್ನು ನಾನು ಕಿಟಕಿಯಲ್ಲಿ ನಿಂತು ಕಂಡೆನೆಂದೇ ನಂಬಿದ್ದೆ. ತಂಗಿಯ ಪ್ರಕಾರ ಆ ವಾರ ನಾನು ಮದರಾಸಿನಲ್ಲಿದ್ದೆ.

ಆ ದಿನದ ನಿಲುವಿನಿಂದ ಮೆಂಬರಿಗೆ ಊರಲ್ಲಿ ಹೆಸರು ಬಂತು. ಅವರೇ ಅತ್ತೆಯ ಮನೆಬಾಗಿಲಿಗೆ ಬಂದರು. "ಅಮ್ಮಾ, ಕೊಂಜಂ ಕಮ್ಮಿ ಹಾಕಿ. ಕೂರೋ ಅಷ್ಟು."

"ಕೂತ್ರೆ ನಿದ್ದೆ ಬತ್ತದೆ ಸಾಮಿ."

ಕೊನೆಗೆ ಒಪ್ಪಿದಳು. ಅಂದಿನಿಂದ ನಮ್ಮ ಬೀದಿಯಲ್ಲಿ ಎರಡು ಹದ: ಕೂರೋ ಗಂಜಿ, ನಿಲ್ಲೋ ಗಂಜಿ. ಉಳಿದ ಮೆಂಬರುಗಳೆಲ್ಲ ಕೇಳಿದ್ದು ನಿಲ್ಲುವುದನ್ನೇ. ಅಂಗಿಗಳ ಹಿಂದೆ ದರ್ಜಿ ಬಂದ, ಕಡಯಂಪಟ್ಟಿಯಿಂದ ಗುಂಡಿ ಮಾರುವವನು ಬಂದ, ಕಾಯುವವರಿಗೆಂದು ಕಾಫಿ ಅಂಗಡಿಯೂ ಬಂತು. ಮೆಟ್ಟೂರಿಗೆ ಹೋಗಿದ್ದ ಎರಡು ಸಂಸಾರಗಳು ವಾಪಸು ಬಸ್ಸಿಳಿದವು. "ಬಂದ್ರಾ? ಕೈ ತೊಳ್ಕಳ್ಳಿ, ಕೆಲ್ಸ ಐತೆ" ಎಂದಳು, ಅವರು ಸಂತೆಗೆ ಹೋಗಿ ಬಂದವರೇನೋ ಎಂಬಂತೆ.

ಬೀದಿಯ ಅವಸಾನದ ಬಗ್ಗೆ ನಾನು ಬರೆದಿದ್ದ ಪ್ರಬಂಧಕ್ಕೆ ಮದರಾಸಿನಲ್ಲಿ ಒಳ್ಳೆಯ ಅಂಕ ಬಂತು. ತಿದ್ದುಪಡಿ ಕಳಿಸಲಿಲ್ಲ. ಅತ್ತೆಗೆ ಹೇಳುವ ಧೈರ್ಯವೂ ಆಗಲಿಲ್ಲ.

ಅವಳು ತೀರಿಕೊಂಡದ್ದು ಆ ದಶಕ ಮುಗಿಯುವ ಮುಂಚೆ, ಒಂದು ಬೆಳಿಗ್ಗೆ. ಇದರಲ್ಲಿ ತಂಗಿಗೂ ನನಗೂ ಭೇದವಿಲ್ಲ. ಚಟ್ಟ ಎತ್ತಿದ ಮೇಲೆ ಗೊತ್ತಾಯಿತು, ಬೀದಿಯಲ್ಲಿ ಸಾಗಲು ಜಾಗವಿಲ್ಲ. ಆಚೆ ಗೋಡೆಯಿಂದ ಈಚೆ ಗೋಡೆಗೆ ಹಗ್ಗಗಳು, ಹಗ್ಗದ ತುಂಬ ಅಂಗಿಗಳು. ತೆಗೆಯೋಣವೇ ಎಂದು ಯಾರೋ ಕೇಳಿದರು.

"ಮುಟ್ಬ್ಯಾಡಿ," ಎಂದಳು ಅವಳ ಸೊಸೆ, ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಒಣಗಿಲ್ಲ. ಸಾಯಂಕಾಲಕ್ಕೆ ಕೊಡ್ತೀನಿ ಅಂತ ಅತ್ತೆ ಮಾತು ಕೊಟ್ಟವ್ರೆ."

ಹೆಗಲ ಮೇಲಿನ ಚಟ್ಟವನ್ನು ಸೊಂಟದ ಮಟ್ಟಕ್ಕೆ ಇಳಿಸಿಕೊಂಡು, ಬೀದಿ ಮುಗಿಯುವವರೆಗೂ ಬಗ್ಗಿಯೇ ನಡೆದೆವು. ಒದ್ದೆ ತೋಳುಗಳು ಒಂದೊಂದಾಗಿ ಅವಳ ಮುಖ ಸವರುತ್ತಿದ್ದವು.