ಉತ್ತರ ಸಿಗದ ಪ್ಯಾಚ್

ಮಾಮಿಯ ಬಲಗೈಯ ಕಿರುಬೆರಳು ಸದಾ ಮಡಿಚಿಕೊಂಡೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಬಿಸಿ ಎಣ್ಣೆ ಬಿದ್ದು ಹಾಗಾಗಿತ್ತಂತೆ. ಕಂಪ್ಯೂಟರಿನ ಎಂಟರ್ ಗುಂಡಿಯನ್ನು ಅವರು ಆ ಬೆರಳಿನ ಗೆಣ್ಣಿನಿಂದ ಕುಟ್ಟುತ್ತಿದ್ದರು. ಟಕ್ ಎಂಬ ಆ ಸದ್ದು ಕೆಳಗಿನ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಮದುವೆಯಾಗಿ ಮೈಸೂರಿನಿಂದ ಬಂದ ನಾನು ಮದರಾಸಿನ ಅಡ್ಯಾರಿನಲ್ಲಿ ಅವರ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆ. ಮಾಮಿಯವರದು ತಲೆಮಾರುಗಳಿಂದ ಅಲ್ಲೇ ಬೇರೂರಿದ, ತಮಿಳು ಬೆರೆತ ಕನ್ನಡ ಮಾತಾಡುವ ಅಯ್ಯಂಗಾರ್ ಮನೆತನ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. "ನಿನ್ನ ಕನ್ನಡ ಕೇಳಿದ್ರೆ ನಂಗೆ ಪರೀಕ್ಷೆಗೆ ಕೂತ ಹಾಗೆ ಭಯ ಆಗ್ತದೆ ಕಣೇ" ಎಂದು ನಗುತ್ತಿದ್ದರು.

ಕಣ್ಣು ಕಾಣದವರಿಗಾಗಿ ಪರದೆಯ ಮೇಲಿನ ತಮಿಳನ್ನು ಗಟ್ಟಿಯಾಗಿ ಓದಿಹೇಳುವ ಒಂದು ತಂತ್ರಾಂಶವಿತ್ತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ದೋಷ ಕಂಡರೆ ತಿದ್ದಿ ಕಳಿಸಬಹುದು. ಆ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಿದ್ದೆವು. ಹತ್ತಾರು ಊರುಗಳಿಂದ ಪ್ಯಾಚುಗಳು ಮೇಲ್‌ನಲ್ಲಿ ಬರುತ್ತಿದ್ದವು. ಅವನ್ನು ಪರಿಶೀಲಿಸಿ ಒಳಗೆ ಸೇರಿಸುವ ಹೊಣೆ ಮಾಮಿಯದು. ಅಷ್ಟಿಷ್ಟು ಪ್ರೋಗ್ರಾಮಿಂಗ್ ಬಲ್ಲ ನನ್ನನ್ನೂ ಅವರು ಅದಕ್ಕೆ ಎಳೆದುಕೊಂಡಿದ್ದರು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲಿನಿಂದಲೇ ನನ್ನ ಹೆಸರು ಹಿಡಿದು ಕೂಗಿದರು. ಹೋಗಿ ನೋಡಿದರೆ ಮುಖ ಬಿಳಿಚಿಕೊಂಡಿತ್ತು. ಬೇರೇನನ್ನೋ ಹುಡುಕುವಾಗ ಹಳೆಯ ಮೇಲ್ ಒಂದು ಸಿಕ್ಕಿತ್ತು. ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಒಬ್ಬರು ಬರೆದದ್ದು. ನಮ್ಮ ತಂತ್ರಾಂಶ ಲೆಕ್ಕಗಳನ್ನು ಓದುವಾಗ ಮೈನಸ್ ಚಿಹ್ನೆಯನ್ನು ನುಂಗಿಬಿಡುತ್ತಿತ್ತು. ಕಣ್ಣು ಕಾಣದ ಅವರ ಮಗಳು ಹನ್ನೊಂದನೇ ಕ್ಲಾಸಿನಲ್ಲಿ ಗಣಿತದ ಗ್ರೂಪ್ ತೆಗೆದುಕೊಂಡಿದ್ದಳು. ಅವಳಿಗಾಗಿ ತಾವೇ ಪ್ರೋಗ್ರಾಮಿಂಗ್ ಕಲಿತು ತಿದ್ದುಪಡಿ ಬರೆದಿದ್ದರು. ಅದು ಹೊಸ ಆವೃತ್ತಿಯಲ್ಲಿ ಸೇರಿದರೆ ಮಾತ್ರ ಶಾಲೆಯವರು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದರು. ಕೆಲವು ವಾರಗಳ ಮೇಲೆ ಇನ್ನೊಂದು ಮೇಲ್: "ತಪ್ಪಿದ್ದರೆ ದಯವಿಟ್ಟು ತಿಳಿಸಿ." ಆಮೇಲೆ ಏನೂ ಇಲ್ಲ.

"ಎರಡನ್ನೂ ಓದಿದ್ದೆ ಕಣೇ. ಅಪ್ಪುರಂ ನೋಡೋಣ, ಆಮೇಲೆ ನೋಡೋಣ ಅಂತ ಬಿಟ್ಟೆ. ಪಾವಂ, ಆ ಮನುಷ್ಯ ಕಾದು ಕಾದು ಸುಮ್ಮನಾಗಿದ್ದಾನೆ" ಎಂದರು. ಅಷ್ಟು ಹೊತ್ತಿಗೆ ಶಾಲೆಯ ವರ್ಷವೇ ಮುಗಿದಿತ್ತು.

ಮೇಲ್‌ನಲ್ಲಿ ಕ್ಷಮೆ ಕೇಳಿದರೆ ಸಾಲದು ಎಂದು ಹಟ ಹಿಡಿದರು. ಇಬ್ಬರೂ ಬಸ್ಸು ಬದಲಿಸಿ ಎಣ್ಣೂರಿಗೆ ಹೋದೆವು. ಕಿಟಕಿಯ ಸರಳುಗಳ ಮೇಲೆಲ್ಲ ಸ್ಥಾವರದ ಬೂದಿ ಕೂತಿದ್ದ ಪುಟ್ಟ ಕ್ವಾರ್ಟರ್ಸ್. ಮೇಲ್ ಬರೆದಿದ್ದವರೇ ಕಾಫಿ ಕೊಟ್ಟು ಉಪಚರಿಸಿದರು. "ಪರವಾಗಿಲ್ಲ ಅಮ್ಮ, ನಿಮಗೆ ಎಷ್ಟೋ ಕೆಲಸ" ಎಂದರು. ಮಗಳು ಮಾತ್ರ ತಮಿಳಿನಲ್ಲಿ ನೇರವಾಗಿ ಹೇಳಿದಳು: "ಅಪ್ಪ ಬರೆದದ್ದು ಉತ್ತರ ಕೊಡೋಕ್ಕೂ ಲಾಯಕ್ಕಿಲ್ಲ ಅಂದುಕೊಂಡ್ವಿ ಆಂಟಿ. ಅಪ್ಪ ಅದಾದ ಮೇಲೆ ಕಂಪ್ಯೂಟರ್ ಮುಟ್ಟಲಿಲ್ಲ. ನಾನು ಹಿಸ್ಟರಿ ಗ್ರೂಪಿಗೆ ಬದಲಾಯಿಸಿಕೊಂಡೆ."

ಮಾಮಿ ಅವಳ ಕೈ ಹಿಡಿದುಕೊಂಡು, "ನಿಮ್ಮಪ್ಪ ಬರೆದದ್ದು ಸರಿಯಾಗೇ ಇತ್ತು ಕಣಮ್ಮ. ಒಂದಕ್ಷರವೂ ಬದಲಾಯಿಸಬೇಕಾಗಿರಲಿಲ್ಲ" ಎಂದರು. ಗಣಿತಕ್ಕೆ ಮರಳುತ್ತೀಯಾ, ನಾನೇ ಕಲಿಸುತ್ತೇನೆ ಎಂದೂ ಕೇಳಿದರು. ಹುಡುಗಿ ತಲೆಯಾಡಿಸಿ ಬೇಡವೆಂದಳು.

ಇಂಥದ್ದು ಮತ್ತೆ ಆಗಬಾರದೆಂದು ಮಾರನೆಯ ದಿನದಿಂದಲೇ ಮಾಮಿ ಕೆಲಸ ಶುರುಮಾಡಿದರು. ಬಂದ ಪ್ರತಿ ಪ್ಯಾಚೂ ತಾನಾಗಿ ಒಂದು ವೆಬ್ ಪುಟಕ್ಕೆ ಸೇರಬೇಕು. ಯಾರು ನೋಡುತ್ತಿದ್ದಾರೆ, ಏಕೆ ನಿಂತಿದೆ ಎಂಬುದು ಕಳಿಸಿದವರಿಗೂ ಕಾಣಬೇಕು. ಉತ್ತರ ತಡವಾದಷ್ಟೂ ಅದು ಪಟ್ಟಿಯಲ್ಲಿ ಮೇಲಕ್ಕೇರುತ್ತ ಹೋಗಬೇಕು. ನಾನು ಕೋಡ್ ಬರೆದೆ. ಅವರು ಪರೀಕ್ಷಿಸಿ ಪರೀಕ್ಷಿಸಿ ನನ್ನ ಜೀವ ತಿಂದರು. ತಂತ್ರಾಂಶ ನೋಡಿಕೊಳ್ಳುವ ಗುಂಪಿನ ಒಬ್ಬರು, "ನಾವು ಬಿಡುವಿನಲ್ಲಿ ದುಡಿಯುವವರು, ಗುಮಾಸ್ತರಲ್ಲ" ಎಂದು ಆಕ್ಷೇಪಿಸಿದರು. "ಕಳಿಸಿದವರೂ ಬಿಡುವಿನಲ್ಲೇ ದುಡಿದವರು" ಎಂದು ಮಾಮಿ ಒಂದೇ ಸಾಲು ಬರೆದರು. ಅಲ್ಲಿಗೆ ವಾದ ನಿಂತಿತು.

ಎಣ್ಣೂರಿನವರ ತಿದ್ದುಪಡಿ ಮುಂದಿನ ಆವೃತ್ತಿಯಲ್ಲಿ ಅವರ ಹೆಸರಿನೊಂದಿಗೇ ಸೇರಿತು. ಅವರು ಧನ್ಯವಾದ ಬರೆದರು. ಮತ್ತೆಂದೂ ಪ್ಯಾಚ್ ಕಳಿಸಲಿಲ್ಲ. ಬೇರೆ ತಂತ್ರಾಂಶಗಳ ಗುಂಪಿನವರು ನಮ್ಮ ಪುಟವನ್ನು ಹೊಗಳಿ, ಕೇಳಿ ಪಡೆದಾಗ ನಾನು ಹಿಗ್ಗುತ್ತಿದ್ದೆ. ಮಾಮಿಗೆ ಆ ಹೊಗಳಿಕೆ ಹಿಂಸೆಯಾಗುತ್ತಿತ್ತು. "ಒಂದು ಹುಡುಗಿ ಗಣಿತ ಬಿಟ್ಟಮೇಲೆ ಮಾಡಿದ್ದು ಇದು. ಅದನ್ನೂ ಅವರಿಗೆ ಹೇಳು" ಎನ್ನುತ್ತಿದ್ದರು. ಅಷ್ಟು ವರ್ಷ ಗಣಿತ ಕಲಿಸಿದವರ ಬಾಯಿಂದ ಆ ಮಾತು ಕೇಳುವುದು ನನಗೆ ಕಷ್ಟವಾಗುತ್ತಿತ್ತು.

ಕೆಲವು ವರ್ಷಗಳ ನಂತರ ಮಾಮಿ ಕಾಯಿಲೆ ಬಿದ್ದು, ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿಸಿ ಬಂದು ಆ ಪುಟ ತೆರೆದೆ. ನೋಡುತ್ತಿರುವವರು ಎಂಬಲ್ಲಿ ಮಾಮಿಯ ಹೆಸರಿದ್ದ ಎರಡು ಪ್ಯಾಚುಗಳು ಇನ್ನೂ ಉಳಿದಿದ್ದವು. ಎರಡರ ಕೆಳಗೂ ಆಸ್ಪತ್ರೆಯ ಹಾಸಿಗೆಯಿಂದ ಮಗನ ಕೈಲಿ ಬರೆಸಿದ ಉತ್ತರವಿತ್ತು: "ನೋಡಿದ್ದೇನೆ, ಚೆನ್ನಾಗಿದೆ. ನನಗೆ ಹುಷಾರಿಲ್ಲ, ತಡವಾಗುತ್ತದೆ. ಕ್ಷಮಿಸಿ."

ಅವರ ಹೆಸರು ತೆಗೆದು ನನ್ನದನ್ನು ಹಾಕಿ, ಮೊದಲನೆಯದನ್ನು ಓದತೊಡಗಿದೆ.